ಬರೀ ನೀರಿನ ತಾಕು

ಗಿಡಕ್ಕೆ ಟಾನಿಕ್ ಕುಡಿಸುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ನಮ್ಮ ಹುಣಸೂರಿನ ಬಸ್‌ಸ್ಟ್ಯಾಂಡಿನ ಸುತ್ತ ಮನುಷ್ಯರ ಔಷಧಿಗಿಂತ ಗಿಡದ ಔಷಧಿಯೇ ಹೆಚ್ಚು ಖರ್ಚಾಗುತ್ತದೆ. ಬೇರು ಬಿಡಲು ಒಂದು ಬಾಟಲಿ, ಹೂ ನಿಲ್ಲಲು ಒಂದು ಬಾಟಲಿ, ಕಾಯಿ ಹೊಳೆಯಲು ಇನ್ನೊಂದು. ಶುಂಠಿ ಬೆಳೆಯುವವರಂತೂ ಮಗಳ ಬಾಣಂತನಕ್ಕೂ ಅಷ್ಟು ಔಷಧಿ ತಂದಿರಲಾರರು. ಹೀಗಿರುವಾಗ ಹೋದ ಮುಂಗಾರಿನಲ್ಲಿ ಡಾಕ್ಟರ್ ಪ್ರಭುಸ್ವಾಮಿ ಎಂಬ ಕೃಷಿ ವಿಜ್ಞಾನಿ ನನ್ನ ಮನೆಯ ಜಗಲಿಗೇ ಬಂದು ಕುಳಿತು, "ಸಿದ್ದಮಲ್ಲಪ್ಪನವರೇ, ಬಿಸಿಲನ್ನ ಇನ್ನೂ ಚೆನ್ನಾಗಿ ಉಪಯೋಗಿಸಿಕೊಳ್ಳೋ ಹಾಗೆ ಗಿಡಕ್ಕೆ ಶಕ್ತಿ ಕೊಡೋ ಔಷಧಿ ಬಂದಿದೆ" ಎಂದಾಗ ನನಗೆ ನಗು ತಡೆಯಲಾಗಲಿಲ್ಲ.

"ಇಷ್ಟ್ ವರ್ಷ ಗಿಡ ಬಿಸ್ಲಲ್ಲಿ ಗೊರಕೆ ಹೊಡ್ಕಂಡು ಮಲಗಿತ್ತಾ ಸಾರ್?" ಎಂದು ಕೇಳಿದೆ.

ಅವರು ನಗಲಿಲ್ಲ. ನಗುವುದಕ್ಕೆ ಅವರಿಗೆ ಪುರುಸೊತ್ತು ಇರಲಿಲ್ಲ. ಗುರುಪುರದ ರಸ್ತೆಗೆ ಅಂಟಿಕೊಂಡಿರುವ ನನ್ನ ಮುಸುಕಿನ ಜೋಳದ ಹೊಲ ಅವರಿಗೆ ಬೇಕಾಗಿತ್ತು. ಮಣ್ಣು ಚೆನ್ನಾಗಿದೆ ಎಂದಲ್ಲ, ರಸ್ತೆಯ ಮೇಲೆ ಹೋಗುವ ಬಸ್ಸಿನವರಿಗೆಲ್ಲ ಫ್ಲೆಕ್ಸ್ ಕಾಣಿಸುತ್ತದೆ ಎಂದು. ಔಷಧಿಯ ಹೆಸರು ಕಿರಣಾಮೃತ. ಬಾಟಲಿಯ ಮೇಲೆ ಒಬ್ಬ ಸೂರ್ಯ, ಅವನಿಗೆ ಮೀಸೆ ಬೇರೆ. ಕಂಪನಿಯವರು ಪರೀಕ್ಷೆ ಮಾಡಿಕೊಡಿ ಎಂದು ಪ್ರಭುಸ್ವಾಮಿಯವರಿಗೆ ಒಪ್ಪಿಸಿದ್ದರು. ಅವರು ಆ ಕೆಲಸವನ್ನು ತಮ್ಮ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದ ಹುಡುಗಿಗೆ ಒಪ್ಪಿಸಿದ್ದರು. ಆ ಹುಡುಗಿ ಅದನ್ನು ನನ್ನ ಆಳು ಚೆಲುವನಿಗೆ ಒಪ್ಪಿಸಿದಳು. ವಿಜ್ಞಾನ ಎಂದರೆ ಹೀಗೆ ಮೇಲಿನಿಂದ ಕೆಳಗೆ ಇಳಿದು, ಕೊನೆಗೆ ಕ್ಯಾನು ಬೆನ್ನಿಗೆ ಕಟ್ಟಿಕೊಳ್ಳುವವನ ಹತ್ತಿರ ನಿಲ್ಲುತ್ತದೆ ಎನ್ನುವುದು ನನಗೆ ಆಗಲೇ ಗೊತ್ತಾದದ್ದು.

ಹುಡುಗಿಯ ಹೆಸರು ಸಂಘಮಿತ್ರ. ಊರು ಸರಗೂರಿನ ಕಡೆ. ಹುಣಸೂರಿನಲ್ಲಿ ಒಂದು ರೂಮು ಮಾಡಿಕೊಂಡು, ಬೆಳಿಗ್ಗೆ ಎಂಟೂವರೆಗೆಲ್ಲ ಸ್ಕೂಟರಿನಲ್ಲಿ ಬಂದು ನಿಲ್ಲುತ್ತಿದ್ದಳು. ಮೊದಲ ದಿನ ನನ್ನ ಹೆಂಡತಿ ಸರ್ವಮಂಗಳ ಸ್ಟೀಲ್ ಲೋಟದಲ್ಲಿ ಕಾಫಿ ಕೊಟ್ಟು, ಪಕ್ಕದಲ್ಲಿ ಕೂತು, ಅಪ್ಪ ಏನು ಮಾಡುತ್ತಾರೆ, ಮನೆದೇವರು ಯಾವುದು ಎಂದು ವಿಚಾರಿಸಿದಳು. ಅಪ್ಪ ಬಸ್ ಕಂಡಕ್ಟರ್ ಆಗಿದ್ದವರು, ಈಗ ರಿಟೈರ್ ಆಗಿದ್ದಾರೆ ಎಂದು ಹೇಳಿದ ಹುಡುಗಿ ಮನೆದೇವರ ವಿಷಯಕ್ಕೆ, "ಬುದ್ಧ, ಅಮ್ಮ" ಎಂದಳು. ಎರಡನೆಯ ದಿನದಿಂದ ಅವಳಿಗೆ ಪೇಪರ್ ಲೋಟದಲ್ಲಿ ಕಾಫಿ ಬಂತು. "ಹೊಲದಿಂದ ಬರೋರು, ಕೈಗೆ ಔಷಧಿ ಗಿವ್ಸದಿ ಅಂಟಿರ್ತದೆ, ಬಳಸಿ ಬಿಸಾಕೋದೇ ಒಳ್ಳೇದು" ಎಂದು ಸರ್ವಮಂಗಳ ಕಾರಣ ಹೇಳಿದಳು. ನಾನು ಕಾರಣ ಕೇಳಿರಲಿಲ್ಲ.

ಪೇಪರ್ ಲೋಟ ನಮ್ಮ ಮನೆಗೆ ಬಂದು ಏಳೆಂಟು ವರ್ಷವಾಯಿತು. ಮೊದಲು ಚೆಲುವನಂಥವರಿಗೆಂದು ಹಿತ್ತಲ ಗೋಡೆಯ ಗೂಡಿನಲ್ಲಿ ಎರಡು ಲೋಟ ಬೇರೆ ಇಟ್ಟಿರುತ್ತಿದ್ದರು. ಅದೆಲ್ಲ ಈಗ ಇಲ್ಲ. ಸಂತೆಯಲ್ಲಿ ನೂರು ಲೋಟದ ಕಟ್ಟು ಸಿಗುತ್ತದೆ, ಕುಡಿದರೆ ಆಯಿತು, ಎಸೆದರೆ ಆಯಿತು. ನಮ್ಮ ಮನೆಯಲ್ಲಿ ಭೇದಭಾವ ಇಲ್ಲ ಎಂದು ನಾನು ನಾಲ್ಕು ಜನರ ಮುಂದೆ ಎದೆ ತಟ್ಟಿ ಹೇಳುತ್ತಿದ್ದೆ. ಪ್ರಭುಸ್ವಾಮಿಯವರೂ ಹೊಲದಿಂದಲೇ ಬರುತ್ತಿದ್ದರು, ಅವರಿಗೆ ಸ್ಟೀಲ್ ಲೋಟ. ಅದರ ಬಗ್ಗೆ ನಾನು ಯೋಚನೆ ಮಾಡಿರಲಿಲ್ಲ.

ಸರಿ, ಹೊಲದ ವಿಷಯ. ಜೋಳ ಬಿತ್ತಿದ ಜಾಗದಲ್ಲಿ ಒಂಬತ್ತು ತಾಕು ಮಾಡಿದರು. ಒಂದೊಂದು ತಾಕಿಗೂ ಒಂದೊಂದು ಗೂಟ. ಗೂಟಕ್ಕೆ ಬಣ್ಣ ಬಳಿದು ನಂಬರು ಬರೆಯುವ ಕೆಲಸ ನಾನೇ ವಹಿಸಿಕೊಂಡೆ, ಯಾಕೆಂದರೆ ಸಂಘಮಿತ್ರಳ ಕೈಬರಹ ಕೋಳಿ ಕೆದರಿದ ಹಾಗಿತ್ತು. ಹಳದಿ ಗೂಟಕ್ಕೆ ಟಿ-2, ಅದಕ್ಕೆ ಬಾಟಲಿಯ ಮೇಲೆ ಬರೆದಷ್ಟು ಔಷಧಿ. ಕೆಂಪು ಗೂಟಕ್ಕೆ ಟಿ-3, ಅದಕ್ಕೆ ದುಪ್ಪಟ್ಟು. ಬಿಳಿ ಗೂಟಕ್ಕೆ ಟಿ-1, ಅದಕ್ಕೆ ಬರೀ ನೀರು. ಮೂರು ಬಿಳಿ, ಮೂರು ಹಳದಿ, ಮೂರು ಕೆಂಪು. ಔಷಧಿ ಹೊಡೆಯುವಾಗ ಪಕ್ಕದ ತಾಕಿಗೆ ತುಂತುರು ಹಾರಬಾರದು ಎಂದು ಇಬ್ಬರು ಹೆಂಗಸರು ನಡುವೆ ಟಾರ್ಪಾಲು ಅಡ್ಡ ಹಿಡಿದು ನಿಲ್ಲಬೇಕು. ಧಾರೆಯ ಮಂಟಪದಲ್ಲಿ ಹೆಣ್ಣು ಗಂಡಿನ ನಡುವೆ ಪರದೆ ಹಿಡಿದ ಹಾಗೆ ನಮ್ಮ ಜೋಳಕ್ಕೂ ಪರದೆ ಬಂತು. ರಸ್ತೆಯಲ್ಲಿ ಹೋಗುವ ಟಿಬೆಟ್ ಕ್ಯಾಂಪಿನವರು ಬೈಕು ನಿಲ್ಲಿಸಿ ನೋಡಿ ನಗುತ್ತಿದ್ದರು. ನನಗೂ ನಗುವೇ.

ಸಂಘಮಿತ್ರಳ ಹತ್ತಿರ ಒಂದು ಯಂತ್ರವಿತ್ತು. ಇಕ್ಕಳದ ಹಾಗಿನ ಅದರ ಬಾಯಿಯಲ್ಲಿ ಎಲೆಯನ್ನು ಕಚ್ಚಿಸಿ ನಿಂತರೆ, ಎಲೆ ಗಾಳಿಯಿಂದ ಎಷ್ಟು ಎಳೆದುಕೊಳ್ಳುತ್ತಿದೆ, ಎಷ್ಟು ಬಿಡುತ್ತಿದೆ ಎಂದು ಅಂಕಿ ತೋರಿಸುತ್ತಿತ್ತು. ಒಂಬತ್ತರಿಂದ ಹನ್ನೊಂದು ಗಂಟೆಯ ಒಳಗೆ ಅಳೆಯಬೇಕು, ಅದೂ ಬಿಸಿಲಿರಬೇಕು. ಜೂನ್ ತಿಂಗಳಿನಲ್ಲಿ ನಾವೆಲ್ಲ ಮೋಡ ಬರಲಿ ಎಂದು ಆಕಾಶ ನೋಡಿದರೆ, ಅವಳೊಬ್ಬಳು ಮೋಡ ಹೋಗಲಿ ಎಂದು ನೋಡುತ್ತಿದ್ದಳು. ಮೋಡ ಬಂದರೆ ಬದುವಿನ ಮೇಲೆ ಕೂತು ಕಾಯುವಳು, ಹೋದರೆ ಎದ್ದು ಓಡುವಳು. ಬದುವಿನ ಮೇಲೆ ಕೂತಾಗ ಚೆಲುವನಿಗೆ ಪಾಠ ನಡೆಯುತ್ತಿತ್ತು. ಅವನನ್ನು ಅವಳು ತಾತ ಎನ್ನುತ್ತಿದ್ದಳು. ಅವನ ಪೂರ್ತಿ ಹೆಸರು ಚೆಲುವಯ್ಯ, ನನಗಿಂತ ಏಳು ವರ್ಷಕ್ಕೆ ದೊಡ್ಡವನು. ನಾನು ಚಿಕ್ಕಂದಿನಿಂದ ಅವನನ್ನು ಚೆಲುವ ಎಂದೇ ಕರೆದವನು.

"ಎಲೆ ಅಂದ್ರೆ ಒಲೆ ಇದ್ದ ಹಾಗೆ ತಾತ" ಎನ್ನುತ್ತಿದ್ದಳು ಅವಳು. "ಗಾಳಿ, ನೀರು, ಬಿಸಿಲು ಸೇರಿಸಿ ಅದು ಗಿಡಕ್ಕೆ ಊಟ ಮಾಡಿಕೊಡುತ್ತೆ. ಈ ಔಷಧಿ ಹೊಡೆದ್ರೆ ಒಲೆ ಜಾಸ್ತಿ ಉರಿಯುತ್ತಾ, ಗಿಡಕ್ಕೆ ಜಾಸ್ತಿ ಊಟ ಸಿಗುತ್ತಾ ಅಂತ ಈ ಮಷೀನು ಹೇಳುತ್ತೆ."

"ಅಂಗಾರೆ ಈ ಬಿಳಿ ಗೂಟದ್ದುಕ್ಕೆ?"

"ಅದಕ್ಕೆ ಬರೀ ನೀರು."

"ಬರೀ ನೀರಾ?"

"ಹೂಂ, ಬರೀ ನೀರು."

ಚೆಲುವ ಆ ಬಿಳಿ ಗೂಟವನ್ನೇ ನೋಡುತ್ತಾ ನಿಂತ. "ಯಾಕ್ಲಾ, ಆ ಸಾಲಿಗೇನಾರ ನಿನ್ ಮಗಳ ಕೊಟ್ಟಿದ್ದೀಯೇನ್ಲಾ?" ಎಂದು ನಾನು ಛೇಡಿಸಿದೆ. ಅವನು ಹಲ್ಲು ಬಿಟ್ಟು ನಕ್ಕು ಕ್ಯಾನು ಹೆಗಲಿಗೆ ಏರಿಸಿಕೊಂಡು ಹೋದ. ಅವನ ತಲೆಯಲ್ಲಿ ಏನು ಓಡುತ್ತಿದೆ ಎಂದು ನಾನು ಯಾವತ್ತೂ ತಲೆ ಕೆಡಿಸಿಕೊಂಡವನಲ್ಲ. ತಲೆ ಇದೆ ಎಂದೇ ನೆನಪಿಟ್ಟುಕೊಂಡವನಲ್ಲ ಎಂದರೂ ಸರಿಯೇ.

ಮೂರು ಸಲ ಔಷಧಿ ಹೊಡೆದದ್ದಾಯಿತು. ಪ್ರತಿ ಸಲವೂ ಸಂಘಮಿತ್ರ ಅಳತೆಯ ಜಾಡಿಯಲ್ಲಿ ಅಳೆದು ಬೇರೆ ಬೇರೆ ಬಕೆಟ್ಟಿನಲ್ಲಿ ಕಲೆಸಿ ಕೊಡುವಳು, ಚೆಲುವ ಹೊಡೆಯುವನು, ಅವಳು ಯಂತ್ರ ಹಿಡಿದು ಹೊಲದ ಇನ್ನೊಂದು ತುದಿಯಲ್ಲಿ ಎಲೆ ಕಚ್ಚಿಸುತ್ತಾ ನಿಲ್ಲುವಳು. ಪ್ರಭುಸ್ವಾಮಿಯವರು ಹದಿನೈದು ದಿನಕ್ಕೊಮ್ಮೆ ಕಾರಿನಲ್ಲಿ ಬಂದು, ಎಂಜಿನ್ನು ಆರಿಸದೆ ಇಳಿದು, ಒಂದು ಎಲೆಯನ್ನು ಕೈಯಲ್ಲಿ ಹಿಡಿದು ಫೋಟೋ ತೆಗೆಸಿಕೊಂಡು, ಕೈಗೆ ಅದೇನೋ ದ್ರವ ಸವರಿಕೊಂಡು, ಕಾಫಿ ಕುಡಿದು ಹೋಗುತ್ತಿದ್ದರು. ಜುಲೈ ಕೊನೆಯಲ್ಲಿ ಬಂದವರು ಕಾರಿನ ಹಿಂಬದಿಯಿಂದ ಸುರುಳಿ ಸುತ್ತಿದ ಫ್ಲೆಕ್ಸ್ ತೆಗೆದು ನಮ್ಮ ಪಂಪ್‌ಸೆಟ್ ಮನೆಯಲ್ಲಿ ಇರಿಸಿದರು. ಅವರು ಹೋದ ಮೇಲೆ ನಾನು ಬಿಚ್ಚಿ ನೋಡಿದೆ. 'ಕಿರಣಾಮೃತದಿಂದ ಶೇಕಡ 18 ಹೆಚ್ಚು ದ್ಯುತಿಸಂಶ್ಲೇಷಣೆ!' ಎಂದು ಅಚ್ಚಾಗಿತ್ತು. ಜೋಳ ಇನ್ನೂ ತುದಿಯಲ್ಲಿ ಹೂವಿನ ಸೂಲಂಗಿ ಬಿಟ್ಟಿರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುತ್ತಾರಲ್ಲ, ಇಲ್ಲಿ ಕೂಸಿನ ಜಾತಕವೇ ಬರೆದಾಗಿತ್ತು.

ಫ್ಲೆಕ್ಸನ್ನು ಸಂಘಮಿತ್ರಳಿಗೂ ತೋರಿಸಿದೆ. ಅವಳು ಅದನ್ನು ಓದಿ ಪಂಪ್‌ಸೆಟ್ ಮನೆಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ತನ್ನ ಪುಸ್ತಕ ತೆಗೆದು ನನ್ನ ಮುಂದೆ ಹಿಡಿದಳು. ಬಿಳಿ, ಹಳದಿ, ಕೆಂಪು, ಮೂರರ ಅಂಕಿಯೂ ಒಂದೇ. ಎಲೆಯ ಹಸಿರೂ ಒಂದೇ, ಉಸಿರೂ ಒಂದೇ.

"ಹಾಗಾದ್ರೆ ಈ ಔಷಧಿ?" ಎಂದೆ.

"ನಿಮ್ಮ ಹೊಲದಲ್ಲಿ ಏನೂ ಕೆಲಸ ಮಾಡಿಲ್ಲ ಸರ್. ಎರಡು ವರ್ಷ ನಮ್ಮ ಕೇಂದ್ರದ ಹೊಲದಲ್ಲಿ ಸ್ವಲ್ಪ ವ್ಯತ್ಯಾಸ ಬಂದಿತ್ತು. ರೈತರ ಹೊಲದಲ್ಲಿ ಮೂರನೇ ಬೆಳೆ ಅಂತ ಇಲ್ಲಿಗೆ ಬಂದೆ. ಕೆಲಸ ಮಾಡಲ್ಲ ಅನ್ನೋದೂ ಒಂದು ಉತ್ತರವೇ. ಅದನ್ನೇ ಬರೀತೀನಿ. ಆದ್ರೆ ಗೈಡ್ ಸೈನ್ ಹಾಕ್ಬೇಕಲ್ಲ." ಅವಳ ಫೆಲೋಶಿಪ್ ಡಿಸೆಂಬರಿಗೆ ಮುಗಿಯುತ್ತಿತ್ತು. ಅಷ್ಟರೊಳಗೆ ಪ್ರಬಂಧ ಒಪ್ಪಿಸದಿದ್ದರೆ ಮೂರು ವರ್ಷದ ಬಿಸಿಲು ದಂಡ. ಅವಳ ಮನೆಯಲ್ಲಿ ಡಾಕ್ಟರ್ ಎಂದು ಹೆಸರಿನ ಮುಂದೆ ಹಾಕಿಕೊಳ್ಳುವವರು ಅವಳಿಗಿಂತ ಮುಂಚೆ ಯಾರೂ ಇರಲಿಲ್ಲ.

ನನಗಂತೂ ಹಬ್ಬವಾಯಿತು. ಸುಳ್ಳು ಏಕೆ ಹೇಳಲಿ, ಅವಳ ಪಿಎಚ್‌ಡಿಗಿಂತ ನನ್ನ ಮಾತು ನಿಜವಾಯಿತಲ್ಲ ಎನ್ನುವುದೇ ನನಗೆ ದೊಡ್ಡದಾಗಿತ್ತು. ಗುರುಪುರದ ಟೀ ಅಂಗಡಿಯಲ್ಲಿ ಹೇಳಿದೆ. ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪಿನವರ ಗುಂಪಿನಲ್ಲಿ ನಿಂತು ಹೇಳಿದೆ. ಕೆ.ಆರ್. ನಗರದಲ್ಲಿ ನೆಂಟರ ಗೃಹಪ್ರವೇಶದಲ್ಲಿ ಹೋಳಿಗೆ ಬಡಿಸುವಾಗಲೂ ಹೇಳಿದೆ. "ಕಿರಣಾಮೃತ ಅಂದ್ರೆ ಲಕ್ಷ್ಮಣತೀರ್ಥದ ನೀರಿಗೆ ಬಣ್ಣ ಆಕವ್ರೆ ಕಣ್ರೀ, ನಮ್ಮ್ ಹೊಲದಲ್ಲೇ ಮಷೀನು ಇಟ್ಟು ಕಂಡುಹಿಡಿದದ್ದು!" ಎಂದೆ. ಕಂಡುಹಿಡಿದವನು ನಾನೇ ಎನ್ನುವ ಹಾಗೆ ಹೇಳುತ್ತಿದ್ದೆ. ಔಷಧಿ ಕೊಳ್ಳಲು ಹೊರಟಿದ್ದ ನಾಲ್ಕಾರು ಜನ ಕೈಬಿಟ್ಟರು ಕೂಡ.

ಸೆಪ್ಟೆಂಬರ್ ಮೊದಲ ವಾರ ಕ್ಷೇತ್ರೋತ್ಸವ ಇಟ್ಟರು. ಹೊಲದಲ್ಲಿ ಬೆಳೆ ತೋರಿಸಿ ರೈತರಿಗೆ ಭಾಷಣ ಮಾಡುವುದಕ್ಕೆ ಹಾಗೆನ್ನುತ್ತಾರೆ. ಶಾಮಿಯಾನ, ಮೈಕು, ಎಚ್.ಡಿ. ಕೋಟೆಯಿಂದಲೂ ಕೆ.ಆರ್. ನಗರದಿಂದಲೂ ವ್ಯಾನಿನಲ್ಲಿ ಕರೆತಂದ ಜನ, ಒಂದು ಕಡೆ ಪಲಾವಿನ ಹಂಡೆ. ಪ್ರಭುಸ್ವಾಮಿಯವರು ಮೈಕು ಹಿಡಿದು ದ್ಯುತಿಸಂಶ್ಲೇಷಣೆ ಎನ್ನುವ ಮಾತನ್ನು ಇಪ್ಪತ್ತು ಸಲವಾದರೂ ಅಂದಿರಬೇಕು. ಒಂದು ಸಲ ಅಂದರೂ ಸಾಕಿತ್ತು, ಜನ ಪಲಾವಿನ ವಾಸನೆಗೆ ಮೂಗು ಅರಳಿಸಿಕೊಂಡು ತಲೆಯಾಡಿಸುತ್ತಲೇ ಇದ್ದರು. ಕೊನೆಗೆ ಅವರು ಫ್ಲೆಕ್ಸಿನ ಕಡೆ ಕೈ ತೋರಿಸಿ ಹದಿನೆಂಟು ಎನ್ನುವಷ್ಟರಲ್ಲಿ, ಸಂಘಮಿತ್ರ ಕೈಯಲ್ಲಿ ಹಾಳೆ ಹಿಡಿದು ಎದ್ದು ನಿಂತಳು.

"ಸರ್, ನಮ್ಮ ಅಳತೆಯಲ್ಲಿ ಹದಿನೆಂಟು ಬಂದಿಲ್ಲ. ಏನೂ ಬಂದಿಲ್ಲ. ಮೂರೂ ಬಣ್ಣದ ತಾಕು ಒಂದೇ" ಎಂದಳು. ಹಿಂದಿನ ಸಾಲಿನವರಿಗೂ ಕೇಳಿಸಿತು. ನಾನು ಕೂತಲ್ಲೇ ಚಪ್ಪಾಳೆ ತಟ್ಟಿದೆ.

ಪ್ರಭುಸ್ವಾಮಿಯವರು ಸುಮ್ಮನೆ ನಕ್ಕರು. ದೊಡ್ಡವರು ಸಿಕ್ಕಿಬಿದ್ದಾಗ ಚಿಕ್ಕವರನ್ನು ಹುಡುಕುತ್ತಾರೆ, ಅವರು ಚೆಲುವನನ್ನು ಹುಡುಕಿದರು. ಅವನು ಶಾಮಿಯಾನದ ಹೊರಗೆ, ಬಿಳಿ ಗೂಟದ ಪಕ್ಕ ನಿಂತಿದ್ದ. "ನೋಡಿ, ರೈತರ ಹೊಲದಲ್ಲಿ ಇದೇ ಸಮಸ್ಯೆ. ಔಷಧಿ ಸರಿಯಾಗಿದ್ದರೂ ಹೊಡೆಯೋ ಆಳು ಸರಿ ಇರಬೇಕಲ್ಲ? ಕುಡಿದು ಬಂದು ಎಲ್ಲಿಗೋ ಹೊಡೆದರೆ ವಿಜ್ಞಾನ ಏನು ಮಾಡುತ್ತೆ?"

ಸಂಘಮಿತ್ರಳ ಮುಖ ಕೆಂಪೇರಿತು. ಸರಸರ ಹೊರಗೆ ಹೋಗಿ, ಚೆಲುವನ ತೋಳು ಹಿಡಿದು ಒಳಗೆ ಕರೆತಂದು, ಪ್ರಭುಸ್ವಾಮಿಯವರ ಕೈಯಿಂದಲೇ ಮೈಕು ಇಸಿದುಕೊಂಡು ಅವನ ಬಾಯಿಗೆ ಹಿಡಿದಳು. "ನೀವೇ ಹೇಳಿ ತಾತ. ಒಂದು ದಿನಾನಾದ್ರೂ ಕುಡಿದು ಬಂದಿದ್ರಾ? ನಾನು ಕೊಟ್ಟ ಔಷಧಿ ಪೂರ್ತಿ ಹೊಡೆದ್ರಿ ತಾನೆ?"

ಮೈಕಿನ ಮುಂದೆ ಚೆಲುವ ಹುಟ್ಟಿದಾಗಿನಿಂದ ನಿಂತವನಲ್ಲ. ಟವೆಲ್ಲು ಹೆಗಲಿನಿಂದ ಇಳಿಸಿ ಕಂಕುಳಲ್ಲಿ ಇರುಕಿಕೊಂಡ.

"ಒಂದಿನಾನೂ ಕುಡ್ದಿಲ್ಲ ಸಾಮಿ. ಒಂದ್ ಅನಿ ನೆಲಕ್ಕೆ ಚೆಲ್ಲಿಲ್ಲ, ಎಲ್ಲಾ ಗಿಡುಕ್ಕೇ ಒಡ್ದಿವ್ನಿ" ಎಂದ. ಸಂಘಮಿತ್ರ ಪ್ರಭುಸ್ವಾಮಿಯವರ ಕಡೆ ತಿರುಗಿ ನೋಡಿದಳು. ಅಲ್ಲಿಗೆ ಮೈಕು ತೆಗೆದಿದ್ದರೆ ಎಲ್ಲವೂ ಸರಿಹೋಗುತ್ತಿತ್ತು. ಚೆಲುವನಿಗೆ ಮೈಕಿನ ರುಚಿ ಹತ್ತಿತ್ತೋ, ಸತ್ಯ ಅರ್ಧ ಹೇಳಿ ಅಭ್ಯಾಸವಿರಲಿಲ್ಲವೋ, ಮುಂದುವರಿಸಿದ. "ಕೆಂಪು ಗೂಟದ್ದುಕ್ಕೆ ಅವ್ವ ಎಲ್ಡು ಪಾಲು ಕೊಡೋರು. ಬಿಳಿ ಗೂಟದ್ದುಕ್ಕೆ ಬರೀ ನೀರು. ಒಂದೇ ಒಲ, ಒಂದೇ ದಿನ ಬಿತ್ತಿದ್ ಬೀಜ. ಒಬ್ಬುನ್ ಎಲೆಗೆ ಎಲ್ಡು ಸಲ ಬಡ್ಸಿ, ಪಕ್ಕದೋನ್ ಎಲೆಗೆ ನೀರ್ ಬುಡೋದು ನನ್ ಕೈಲಿ ಆಗ್ನಿಲ್ಲ. ಕೆಂಪಿಂದ್ರಾಗೆ ಅರ್ಧ ಉಳುಸ್ಕಂಡು ಬಿಳೀದುಕ್ಕೆ ಒಡ್ದೆ. ಮೂರ್ ಸಲಾನೂವೆ ಅಂಗೇ ಮಾಡ್ದೆ. ಯಾವ್ದುಕ್ಕೂ ಮೋಸ ಆಗಿಲ್ಲ ಸಾಮಿ, ಎಲ್ಲಾದುಕ್ಕೂ ಒಂದೊಂದ್ ಪಾಲು."

ದುಪ್ಪಟ್ಟಿನಲ್ಲಿ ಅರ್ಧ ತೆಗೆದರೆ ಒಂದು. ಏನೂ ಇಲ್ಲದ್ದಕ್ಕೆ ಆ ಅರ್ಧ ಕೊಟ್ಟರೆ ಅದೂ ಒಂದು. ಹಳದಿಯದ್ದು ಮೊದಲೇ ಒಂದು. ಒಂದು ದಿನವೂ ಶಾಲೆಯ ಮೆಟ್ಟಿಲು ಹತ್ತದ ಮನುಷ್ಯ ಲೆಕ್ಕದಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಅಲ್ಲಿ ಬರೀ ನೀರಿನ ತಾಕು ಎನ್ನುವುದೇ ಇರಲಿಲ್ಲ. ಸಂಘಮಿತ್ರ ಮೂರು ತಿಂಗಳು ಬಿಸಿಲಿಗೆ ಕಾದು ಅಳೆದದ್ದು ಔಷಧಿಯ ಸತ್ವವನ್ನಲ್ಲ, ಚೆಲುವನ ನ್ಯಾಯವನ್ನು.

ಜನ ಗೊಳ್ಳೆಂದು ನಕ್ಕರು. ಪ್ರಭುಸ್ವಾಮಿಯವರೂ ಒಂದು ಕ್ಷಣ ನಕ್ಕು, ತಮ್ಮ ಹದಿನೆಂಟೂ ಅದರ ಜೊತೆಗೆ ಮುಳುಗಿತು ಎಂದು ಹೊಳೆದ ಕೂಡಲೇ ನಿಲ್ಲಿಸಿದರು. ಸಂಘಮಿತ್ರಳ ಕೈಯಲ್ಲಿದ್ದ ಹಾಳೆ ಹಾಗೆಯೇ ಇತ್ತು. ಅವಳು ಅದನ್ನು ನಾಲ್ಕು ಮಡಿಕೆ ಮಡಿಸಿ ಬ್ಯಾಗಿಗೆ ಹಾಕಿಕೊಂಡು, ಪಂಪಿನ ಹತ್ತಿರ ಹೋಗಿ ಮುಖಕ್ಕೆ ನೀರು ಎರಚಿಕೊಂಡಳು. ಬಹಳ ಹೊತ್ತು ಎರಚಿಕೊಂಡಳು.

ನನ್ನ ಮಾನ ಮೂರು ತಾಲ್ಲೂಕಿನ ಜನರ ಮುಂದೆ ಹರಾಜಾಗಿತ್ತು. ಟೀ ಅಂಗಡಿಯಲ್ಲಿ, ಗೃಹಪ್ರವೇಶದಲ್ಲಿ ನಾನು ಊದಿದ ತುತ್ತೂರಿಯೆಲ್ಲ ನೆನಪಾಗಿ ಮೈ ಉರಿಯಿತು. ಚೆಲುವನ ಮೇಲೆ ಎಗರಿದೆ.

"ಲೇ ಬಡ್ಡಿಮಗನೆ, ಗಿಡುಕ್ಕೇನ್ಲಾ ಗೊತ್ತು ಎಲೆ, ಪಂಕ್ತಿ, ಬಡ್ಸೋದು? ಯಾರ್ಲಾ ಯೋಳ್ಕೊಟ್ಟೋರು ನಿಂಗೆ ಇದ್ನೆಲ್ಲ?"

"ನಿಮ್ಮಪ್ಪಾಜಿಯೋರೇ ಬುದ್ದಿ" ಎಂದ ಚೆಲುವ. ವ್ಯಂಗ್ಯ ಎನ್ನುವುದು ಅವನ ಮುಖದ ಹತ್ತಿರವೂ ಸುಳಿದಿರಲಿಲ್ಲ. "ದಾಸೋಹದ ದಿನ ದೊಡ್ಡಬುದ್ದೇರು ಕೂಗಿ ಕೂಗಿ ಯೋಳೋರಲ್ಲ, ಪಂಕ್ತಿಭೇದ ಮಾಡುದ್ರೆ ಏಳ್ ತಲೆಮಾರಿಗೂ ಪಾಪ ಸುತ್ಕತದೆ, ಎಲ್ರ್ ಎಲೆಗೂ ಸಮ್ನಾಗಿ ಬಡ್ಸ್ರೋ ಅಂತವ. ನಾವು ಕೊಟ್ಟಿಗೆ ಇಂದ್ಗಡೆ ಕುಂತಿರ್ತಿದ್ವಲ್ಲ, ಅಲ್ಲೀಗಂಟ ಕೇಳ್ಸೋದು ಅವ್ರ್ ಗಂಟ್ಲು."

ನನಗೆ ಅದು ನೆನಪಿತ್ತು. ನಮ್ಮಪ್ಪನ ಗಂಟಲು ಊರಿಗೇ ಹೆಸರುವಾಸಿ. ಕೊಟ್ಟಿಗೆಯ ಹಿಂದೆ ಕುಳಿತವರಿಗೆ ನಮ್ಮೆಲ್ಲರ ಊಟವಾದ ಮೇಲೆ ಉಳಿದದ್ದು ಹೋಗುತ್ತಿತ್ತು ಎನ್ನುವುದೂ ನೆನಪಿತ್ತು, ಪಾಯಸ ಅಷ್ಟರಲ್ಲಿ ಮುಗಿದಿರುತ್ತಿತ್ತು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎನ್ನುವುದು ನಾನು ಜೀವಮಾನವಿಡೀ ಬೇರೆಯವರಿಗೆ ಅನ್ವಯಿಸಿಕೊಂಡು ಬಂದ ಗಾದೆ. ಆವತ್ತು ಮಾತು ಬೆಳೆಸದೆ ಮನೆಯ ಕಡೆ ನಡೆದೆ.

ವ್ಯಾನುಗಳು ಹೋದ ಮೇಲೆ ನಾಲ್ಕು ಜನ ನಮ್ಮ ಮನೆಯ ಮುಂದೆ ಉಳಿದೆವು. ಪ್ರಭುಸ್ವಾಮಿಯವರು ಕುರ್ಚಿಯ ಮೇಲೆ, ನಾನು ಜಗಲಿಯ ಮೇಲೆ. ಚೆಲುವ ಯಾವಾಗಿನಂತೆ ಕೆಳಗಿನ ಮೆಟ್ಟಿಲ ಮೇಲೆ ಕುಳಿತಿದ್ದ. ಸಂಘಮಿತ್ರಳಿ‌ಗೂ ಕುರ್ಚಿ ಹಾಕಿದ್ದರು, ಅವಳು ಹೋಗಿ ಚೆಲುವನ ಪಕ್ಕ ಕುಳಿತಳು.

ಪ್ರಭುಸ್ವಾಮಿಯವರ ಧ್ವನಿ ಈಗ ಬೆಣ್ಣೆಯಾಗಿತ್ತು. "ನೋಡಮ್ಮ, ಮೊದಲೆರಡು ವರ್ಷದ ಅಂಕಿ ನಿನ್ನ ಹತ್ತಿರ ಇದೆ. ಮೂರನೆಯದನ್ನ ಅದರ ಅಂದಾಜಿನಲ್ಲಿ ತುಂಬಿಬಿಡು. ಯಾವನು ಬಂದು ಈ ಜೋಳನ ಕೇಳ್ತಾನೆ? ಡಿಸೆಂಬರಿಗೆ ನಾನು ಸೈನ್ ಹಾಕ್ತೀನಿ."

"ಅಂದಾಜಿನಲ್ಲಿ ತುಂಬೋದಕ್ಕೆ ಮೂರು ತಿಂಗಳು ಬಿಸಿಲಲ್ಲಿ ಯಾಕೆ ಸರ್ ನಿಲ್ಲಬೇಕಾಗಿತ್ತು? ನಿಮ್ಮ ಫ್ಲೆಕ್ಸಿನ ಹಾಗೆ ನಾನೂ ಮೊದಲೇ ಅಚ್ಚು ಹಾಕಿಸ್ತಿದ್ದೆ."

"ಹಾಗಾದರೆ ಡಿಸೆಂಬರ್ ಆದಮೇಲೆ ನೀನುಂಟು, ನಿನ್ನ ಜೋಳ ಉಂಟು" ಎಂದರು ಅವರು.

ಅವಳ ಕಣ್ಣು ಇನ್ನೂ ಕೆಂಪಾಗಿತ್ತು. ಪುಸ್ತಕ ತೆಗೆದು, ಆ ಬೆಳೆಯ ಪುಟಗಳ ಮೇಲೆಲ್ಲ ಮೂಲೆಯಿಂದ ಮೂಲೆಗೆ ಗೆರೆ ಎಳೆದು, 'ನೀರಿನ ತಾಕಿಗೂ ಔಷಧಿ ಬಿದ್ದಿದೆ, ಅಂಕಿ ಬಳಸುವಂತಿಲ್ಲ' ಎಂದು ಬರೆದಳು. ಒಬ್ಬರು ತಮ್ಮ ವರ್ಷವನ್ನು ತಾವೇ ಹೊಡೆದುಹಾಕುವುದನ್ನು ನಾನು ಅದೇ ಮೊದಲು ನೋಡಿದ್ದು. ನನಗೆ ಒಳಗೆ ಸಂಕಟವಾಯಿತು. ಸಂಕಟವಾದರೆ ನನಗೆ ಬೈಗುಳವೇ ಬರುವುದು, ಅದಕ್ಕೇ ಬಾಯಿ ಮುಚ್ಚಿಕೊಂಡಿದ್ದೆ.

"ಸಿದ್ದಮಲ್ಲಪ್ಪ ಸರ್, ಬೇಸಿಗೆಯಲ್ಲಿ ಬೋರ್ ನೀರಿನಲ್ಲಿ ಇನ್ನೊಂದು ಬೆಳೆ ಮಾಡೋಕೆ ಜಾಗ ಕೊಡ್ತೀರಾ?" ಎಂದು ಕೇಳಿದಳು. "ಫೆಲೋಶಿಪ್ ಇರಲ್ಲ. ಬೆಳಿಗ್ಗೆ ಅಳತೆ ಮಾಡಿ ಮಧ್ಯಾಹ್ನ ಎಲ್ಲಾದ್ರೂ ಪಾಠ ಹೇಳ್ಕೊಂಡು ಮಾಡ್ತೀನಿ."

"ಜಾಗ ಕೊಡಾಣ. ಆದ್ರೆ ಈ ಧರ್ಮರಾಯನ್ನ ಮಾತ್ರ ಹೊಲದೊಳಕ್ಕೆ ಬುಡಾಕಿಲ್ಲ" ಎಂದೆ.

"ಇಲ್ಲ, ತಾತಾನೇ ಹೊಡೀಬೇಕು. ಅವರಷ್ಟು ಸಮವಾಗಿ ಔಷಧಿ ಹೊಡೆಯೋರನ್ನ ನಮ್ಮ ಕೇಂದ್ರದಲ್ಲೂ ನಾನು ನೋಡಿಲ್ಲ. ಆ ಅಂಕಿ ನೋಡಿದ್ರಲ್ಲ!" ಎಂದು ಅವಳು ನಕ್ಕುಬಿಟ್ಟಳು. ಅತ್ತು ಮುಗಿದ ಮೇಲೆ ಬರುವ ನಗು ಅದು. ನಂತರ ಚೆಲುವನ ಕಡೆ ತಿರುಗಿ, ಮಗುವಿಗೆ ಹೇಳುವಂತೆ ಹೇಳಿದಳು. "ಒಂದು ತಾಕಿಗೆ ಬರೀ ನೀರು ಕೊಡಲೇಬೇಕು ತಾತ. ಒಬ್ಬರಿಗೆ ಏನೂ ಕೊಡದೆ ಇದ್ರೆ ತಾನೆ, ಮಿಕ್ಕೋರಿಗೆ ಕೊಟ್ಟಿದ್ದು ಎಷ್ಟು ಕೆಲಸ ಮಾಡ್ತು ಅಂತ ಗೊತ್ತಾಗೋದು?"

ಚೆಲುವ ಯೋಚನೆ ಮಾಡಿದ. ಟವೆಲ್ಲಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದ.

"ಅದ್ ತಿಳ್ಕಳಾಕೆ ಗಿಡುವೇ ಬೇಕಾಗಿತ್ತಾ ಮಗಾ?" ಎಂದ. "ನಾವಿದ್ವಲ್ಲ, ಇಷ್ಟ್ ಕಾಲ್ದಿಂದ."

ಪ್ರಭುಸ್ವಾಮಿಯವರು ಮೊಬೈಲಿನಲ್ಲಿ ಏನನ್ನೋ ಹುಡುಕತೊಡಗಿದರು. ನಾನು ಕೊಟ್ಟಿಗೆಯ ಕಡೆ ನೋಡಬಾರದು ಎಂದುಕೊಂಡು ಅದನ್ನೇ ನೋಡಿದೆ.

"ಆಯ್ತು ಬುಡವ್ವಾ, ನಿನ್ ಓದ್ ಕೆಡುಸ್ಬುಟ್ಟೆ ನಾನು. ನೀ ಯೋಳ್ದಂಗೇ ಒಡೀತೀನಿ" ಎಂದ ಚೆಲುವನೇ. "ನಿನ್ ಅಳತೆ ಎಲ್ಲಾ ಮುಗುದ್ ದಿನ ಮಾತ್ರ ಅದುಕ್ಕೂ ಒಂದ್ ಪಾಲು ಒಡ್ದ್ ಬುಡ್ತೀನಿ. ಬ್ಯಾಡ ಅನ್ಬ್ಯಾಡ."

"ಅವತ್ತು ಎರಡು ಪಾಲು ಹೊಡೀರಿ" ಎಂದಳು ಅವಳು.

ಅಷ್ಟರಲ್ಲಿ ಸರ್ವಮಂಗಳ ತಟ್ಟೆಯಲ್ಲಿ ಕಾಫಿ ತಂದಳು. ಎರಡು ಸ್ಟೀಲ್ ಲೋಟ, ಎರಡು ಪೇಪರ್ ಲೋಟ. ಸ್ಟೀಲಿನದು ನನಗೂ ಪ್ರಭುಸ್ವಾಮಿಯವರಿಗೂ. ಪೇಪರಿನದು ಮೆಟ್ಟಿಲ ಮೇಲಿನವರಿಗೆ. ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ, ತಟ್ಟೆ ತಾನೇ ದಾರಿ ಬಲ್ಲದು ಎನ್ನುವಂತೆ ಸರಿಯಾದ ಲೋಟ ಸರಿಯಾದ ಕೈಗೆ ಹೋಯಿತು.

ಸಂಘಮಿತ್ರ ಪೇಪರ್ ಲೋಟವನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬ್ಯಾಗಿನಿಂದ ಗಿಡಗಳ ಚೀಟಿಗೆ ಬರೆಯುವ ಕಪ್ಪು ಮಾರ್ಕರ್ ತೆಗೆದು ಲೋಟದ ಮೇಲೆ ಏನನ್ನೋ ಬರೆದಳು. ಚೆಲುವನ ಲೋಟವನ್ನೂ ಇಸಿದುಕೊಂಡು ಅದರ ಮೇಲೂ ಬರೆದು ಹಿಂದಕ್ಕೆ ಕೊಟ್ಟಳು. ನಿಧಾನವಾಗಿ ಕಾಫಿ ಪೂರ್ತಿ ಕುಡಿದಳು. ಎಸೆಯಬೇಕಾದ ಲೋಟವನ್ನು ಎಸೆಯದೆ, ಮೆಟ್ಟಿಲು ಹತ್ತಿ ಬಂದು, ತಟ್ಟೆಯಲ್ಲಿ ನನ್ನ ಸ್ಟೀಲ್ ಲೋಟದ ಪಕ್ಕಕ್ಕೇ ಇಟ್ಟಳು. ಚೆಲುವನದನ್ನೂ ತಂದು ಇಟ್ಟಳು. "ಕಾಫಿ ಚೆನ್ನಾಗಿತ್ತು ಅಮ್ಮ" ಎಂದು ಸರ್ವಮಂಗಳಳಿಗೆ ಹೇಳಿ, ಚೆಲುವಯ್ಯನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟುಹೋದಳು.

ಸರ್ವಮಂಗಳ ತಟ್ಟೆ ಎತ್ತಿಕೊಳ್ಳಲು ಬಗ್ಗಿದವಳು ಲೋಟವನ್ನು ತಿರುಗಿಸಿ ನೋಡಿದಳು. ಕೋಳಿ ಕೆದರಿದ ಹಾಗಿನ ಕೈಬರಹದಲ್ಲಿ ಎರಡರ ಮೇಲೂ 'ಟಿ-1' ಎಂದಿತ್ತು.

"ಏನ್ರೀ ಇದು, ಏನ್ ಬರ್ದವ್ಳೆ?"

ಪ್ರಪಂಚದ ಎಲ್ಲದಕ್ಕೂ ಒಂದು ಕೊಂಕು ಇಟ್ಟುಕೊಂಡಿರುವ ನನ್ನ ಬಾಯಿಗೆ ಆವತ್ತು ಎರಡು ಮಾತು ಮಾತ್ರ ಬಂದವು.

"ಬರೀ ನೀರು ಅಂತ."

"ಅಯ್ಯೋ, ಕಾಫಿ ಕೊಟ್ಟೆನಲ್ರೀ ನಾನು!" ಎಂದಳು ಸರ್ವಮಂಗಳ.

ನಾನು ಅವಳಿಗೆ ಬಿಡಿಸಿ ಹೇಳಲಿಲ್ಲ. ಆ ಬಿಳಿ ಗೂಟಗಳಿಗೆ ಬಣ್ಣ ಬಳಿದು ನಂಬರು ಬರೆದವನು ನಾನೇ.